ಪ್ರತಿಲಿಪಿಯಾಗಿ ಛಾಯಾಚಿತ್ರ: ದರ್ಪಣರಹಿತ ಕ್ಯಾಮರಾದ ಪ್ರಯೋಜನ

ನಾಯಕರ ರಾಜಧಾನಿಯಾಗಿದ್ದ ಬಸವಾಪಟ್ಟಣವನ್ನು ಒಳಗೊಂಡ ಚನ್ನಗಿರಿ ತಾಲ್ಲೂಕಿನ ಶಾಸನಗಳು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿ 1902ರಲ್ಲಿ ಪ್ರಕಟವಾದುವು. ಆಗ ಈ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1997ರಿಂದ ದಾವಣಗೆರೆ ಜಿಲ್ಲೆಯಲ್ಲಿದೆ. ಕಲ್ಲಿನ ಮೇಲೆ ಒದ್ದೆಯ ಕಾಗದವನ್ನು ಹೊಂದಿಸಿ, ಕುಂಚದಿಂದ ಬಡಿದು, ಮಸಿಯಾಡಿಸಿ ಪಡಿಯಚ್ಚು ತೆಗೆಯುವ ಪದ್ಧತಿ ಇಂದಿಗೂ ಬಿಟ್ಟುಹೋಗಿಲ್ಲ. ಆದರೆ ತಾಡಪತ್ರಕ್ಕೆ ಈ ಉಪಾಯವು ಸಲ್ಲದು. ಅದಕ್ಕೆ ಉಳಿದಿರುವುದು ಲಿಪಿಕಾರನ ಕೈ, ಇಲ್ಲವೆ ಕ್ಯಾಮರಾ.

ಪ್ರತಿಯಲ್ಲಿ ಒಂದು ಪದ ಬಿಟ್ಟುಹೋದರೆ ಏನಾಗುವುದೆಂಬುದಕ್ಕೆ ಷಟ್ಖಂಡಾಗಮದ ಸಂಪಾದನೆಯೇ ನಿದರ್ಶನ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಹೊರಬಂದ ಮೊದಲ ಸಂಪುಟಕ್ಕೆ ಆಧಾರವಾದ ಪ್ರತಿಗಳಲ್ಲಿ ಸತ್ಪ್ರರೂಪಣೆಯ 93ನೆಯ ಸೂತ್ರದ ‘ಸಂಜದ’ ಪದವಿರಲಿಲ್ಲ. ಅದು ಇರಬೇಕೆ ಬೇಡವೆ ಎಂಬ ವಿಷಯದಲ್ಲಿ ದೀರ್ಘ ವಿವಾದವು ನಡೆಯಿತು. ಮೂಡುಬಿದಿರೆಯ ತಾಡಪತ್ರದಲ್ಲಿ ಆ ಪದವು ದೊರೆಯಿತು. ಮೂಲದ ಓಲೆಯನ್ನು ನೋಡುವ ಅವಕಾಶವು ಎಷ್ಟು ಅಮೂಲ್ಯವೆಂಬುದು ಇದರಿಂದ ವಿದಿತವಾಗುತ್ತದೆ.

ಈ ದೃಷ್ಟಿಯಿಂದ ಕ್ಯಾಮರಾಗಳ ರಚನಾಭೇದವನ್ನು ಪರಿಶೀಲಿಸಬೇಕು. ಡಿಎಸ್ಎಲ್ಆರ್ ಕ್ಯಾಮರಾದಲ್ಲಿ ಮಸೂರದ ಹಿಂದೆ 45 ಅಂಶ ಓರೆಯಾಗಿ ಒಂದು ಕನ್ನಡಿಯಿರುತ್ತದೆ. ಮಸೂರದಿಂದ ಬಂದ ಬೆಳಕು ಅದರಲ್ಲಿ ಪ್ರತಿಫಲಿಸಿ, ಪಟ್ಟಕದ ಮೂಲಕ ಕಣ್ಣನ್ನು ಸೇರುತ್ತದೆ. ಗುಂಡಿಯನ್ನೊತ್ತಿದಾಗ ಕನ್ನಡಿಯು ಮೇಲಕ್ಕೆದ್ದು ಸಂವೇದಕಕ್ಕೆ ದಾರಿಬಿಡುತ್ತದೆ. ಆ ಅದಿರಾಟವು, ಸೆಕೆಂಡಿನ ಮೂವತ್ತನೆಯ ಒಂದು ಭಾಗದಿಂದ ಒಂದು ಸೆಕೆಂಡಿನವರೆಗಿನ ಅವಧಿಯಲ್ಲಿ ಚಿತ್ರ ತೆಗೆಯುವಾಗ, ಸೂಕ್ಷ್ಮ ರೇಖೆಗಳನ್ನು ಮಸುಕಾಗಿಸಬಲ್ಲುದು. ಓಲೆಗೆ ತೀವ್ರಪ್ರಕಾಶವು ಹಾನಿಕರವಾದುದರಿಂದ ಮಂದ ಬೆಳಕಿನಲ್ಲಿ ಇಂತಹ ದೀರ್ಘಾವಧಿಯು ಅನಿವಾರ್ಯವಾಗುವುದುಂಟು. ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸುವ ಏರ್ಪಾಡು ಡಿಎಸ್ಎಲ್ಆರ್‌ನಲ್ಲಿಯೂ ಉಂಟು. ದರ್ಪಣರಹಿತ ಕ್ಯಾಮರಾದಲ್ಲಿ ಕನ್ನಡಿಯೇ ಇಲ್ಲ. ಸಂವೇದಕವು ಗ್ರಹಿಸುವುದನ್ನೇ ನೋಟಕಿಂಡಿಯು ತೋರಿಸುತ್ತದೆ.

ಸಂಶೋಧಕನಿಗೆ ಇದೇ ಮುಖ್ಯ ಲಾಭ. ಓಲೆಯ ಮೇಲಿನ ಸೊನ್ನೆಯೂ ಹುಳು ಕೊರೆದ ರಂಧ್ರವೂ ಮೇಲುನೋಟಕ್ಕೆ ಒಂದೇ ಬಗೆಯಾಗಿ ತೋರುತ್ತವೆ. ಪಕ್ಕದಿಂದ ಓರೆಬೆಳಕನ್ನು ಹಾಯಿಸಿ, ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಕಂಠದ ಗೀರು ಯಾವುದು, ತೂತು ಯಾವುದು ಎಂಬುದನ್ನು ಅಲ್ಲಿಯೇ ಪರೀಕ್ಷಿಸಬಹುದು. ಜೀರ್ಣವಾದ ಗರಿಯನ್ನು ಮರಳಿ ಬಿಚ್ಚಬೇಕಾದ ಸಂದರ್ಭವು ತಪ್ಪುತ್ತದೆ.

ಭಾರದಲ್ಲಿಯೂ ವ್ಯತ್ಯಾಸವುಂಟು. ನಿಕಾನ್ ಡಿ850ರ ತೂಕ 1005 ಗ್ರಾಂ. 2018ರ ಜ಼ಡ್7ರದು 675 ಗ್ರಾಂ. ಚನ್ನಗಿರಿಯಂತಹ ತಾಲ್ಲೂಕಿನ ಹೊಲ, ಗುಡಿ, ಕೆರೆಯೇರಿಗಳಲ್ಲಿ ಶಾಸನಗಳನ್ನರಸಿ ನಡೆಯುವವರಿಗೆ ಇದು ಅಲ್ಪ ಸಂಗತಿಯಲ್ಲ. ಹಳೆಯ ಮಸೂರಗಳನ್ನು ತ್ಯಜಿಸಬೇಕಾಗಿಯೂ ಇಲ್ಲ. ನಿಕಾನ್ ಎಫ಼್ ವ್ಯವಸ್ಥೆಯಲ್ಲಿ ಮಸೂರದ ಹಿಡಿಕೆಗೂ ಸಂವೇದಕಕ್ಕೂ 46.5 ಮಿ.ಮೀ. ಅಂತರವಿದ್ದರೆ, ಜ಼ಡ್ ವ್ಯವಸ್ಥೆಯಲ್ಲಿ 16 ಮಿ.ಮೀ. ಮಾತ್ರ ಇದೆ, ಮಿಕ್ಕ ಸ್ಥಳವನ್ನು ಜೋಡಣೆಯ ಬಳೆಯೊಂದು ತುಂಬುತ್ತದೆ.

ದೋಷಗಳನ್ನೂ ಹೇಳದೆ ಬಿಡಲಾಗದು. ನಿರ್ಮಾಪಕರ ಎಣಿಕೆಯಂತೆ ಒಂದು ಬ್ಯಾಟರಿಗೆ ಡಿ850ರಲ್ಲಿ 1840 ಚಿತ್ರಗಳು ದೊರೆತರೆ, ಜ಼ಡ್7ರಲ್ಲಿ 330 ಮಾತ್ರ. ನಿಶ್ಶಬ್ದವಾದ ಇಲೆಕ್ಟ್ರಾನಿಕ್ ಷಟರನ್ನು ಬಳಸಿದರೆ, ಕೆಲವು ಎಲ್ಇಡಿ ದೀಪಗಳ ಬೆಳಕಿನಲ್ಲಿ ಚಿತ್ರದ ಮೇಲೆ ಪಟ್ಟೆಗಳು ಮೂಡುತ್ತವೆ. ಕ್ಯಾಮರಾ ಕಿರಿದಾದಂತೆ ಸಂವೇದಕವೂ ಕಿರಿದಾಗಬಹುದು. ಅಕ್ಷರಗಳ ಸ್ಪಷ್ಟತೆಯನ್ನು ನಿರ್ಣಯಿಸುವುದು ಕ್ಯಾಮರಾದ ಗಾತ್ರವಲ್ಲ. 50 ಸೆಂ.ಮೀ. ಉದ್ದದ ಓಲೆಯನ್ನು 6000 ಬಿಂದುಗಳ ಅಗಲದ ಚಿತ್ರದಲ್ಲಿ ತುಂಬಿಸಿದರೆ ಸೆಂಟಿಮೀಟರಿಗೆ 120 ಬಿಂದುಗಳು, ಎಂದರೆ ಅಂಗುಲಕ್ಕೆ ಸುಮಾರು 305 ದೊರೆಯುತ್ತವೆ. 5184 ಬಿಂದುಗಳಾದರೆ ಸುಮಾರು 263. ಓಲೆಯು ನೀಳವಾಗಿ ಕಿರಿದಾಗಿರುವುದರಿಂದ ಚಿತ್ರದ ಬಹುಭಾಗವು ವ್ಯರ್ಥವಾಗುತ್ತದೆ. ಅವಶ್ಯವಿದ್ದಲ್ಲಿ ಓಲೆಯನ್ನು ಎರಡು ಭಾಗಗಳಾಗಿ, ನಡುವೆ ಕೆಲವು ಅಕ್ಷರಗಳು ಎರಡರಲ್ಲಿಯೂ ಬರುವಂತೆ ಚಿತ್ರಿಸುವುದು ಲೇಸು.

ಕ್ಯಾಮರಾ ಯಾವುದೇ ಆಗಲಿ, ಅಳತೆಪಟ್ಟಿ, ವರ್ಣಫಲಕ, ಗ್ರಂಥದ ಕ್ರಮಾಂಕ, ಪತ್ರಸಂಖ್ಯೆ ಇವುಗಳು ಪ್ರತಿ ಚಿತ್ರದೊಡನೆ ಇರಬೇಕು. ಹಿಂದಿನ ಲಿಪಿಕಾರರು ಗ್ರಂಥಾಂತ್ಯದಲ್ಲಿ ತಮ್ಮ ಹೆಸರು, ಕಾಲ, ಸ್ಥಳಗಳನ್ನು ಬರೆದಿಟ್ಟುದರಿಂದಲೇ ಪ್ರತಿಗಳ ಪರಂಪರೆಯು ಇಂದು ತಿಳಿಯುತ್ತದೆ. ಛಾಯಾಚಿತ್ರಕಾರನೂ ಲಿಪಿಕಾರನೇ ಆದುದರಿಂದ ಆ ಕರ್ತವ್ಯವು ಅವನಿಗೂ ಸಲ್ಲುತ್ತದೆ.