ಬಂಕ್ ಪಕ್ಕದ ಬೋರ್‌ವೆಲ್: ‘ಕುಡಿಯಲು ಯೋಗ್ಯ’ ಅಂದ್ರೆ ಸಾಕಾ?

ಗೋಕಾಕ, ಮೂಡಲಗಿ, ಹುಕ್ಕೇರಿಯ ಪೆಟ್ರೋಲ್ ಬಂಕ್‌ಗಳಲ್ಲಿ ನಮಗೆ ಕಾಣೋದು ಪಂಪು ಮತ್ತು ರೇಟು. ಕಾಣದೇ ಇರೋದು ನೆಲದಡಿಯ ಟ್ಯಾಂಕು. ಅದು ಸೋರಿದರೆ?

ಲೆಕ್ಕ ಹಾಕೋಣ. ಬಿಎಸ್-6 ಪೆಟ್ರೋಲಿನಲ್ಲಿ ಕ್ಯಾನ್ಸರ್‌ಕಾರಕ ಬೆಂಜೀನ್ ಶೇ. 1ರವರೆಗೆ ಇರಬಹುದು, ಅಂದರೆ ಲೀಟರಿಗೆ ಸುಮಾರು 9 ಗ್ರಾಂ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಒಂದು ಲೀಟರ್ ಪೆಟ್ರೋಲಿನ ಬೆಂಜೀನ್ ಪೂರ್ತಿ ಕರಗಿದರೆ ಸುಮಾರು 9 ಲಕ್ಷ ಲೀಟರ್ ನೀರು ಆ ಮಿತಿ ಮುಟ್ಟುತ್ತೆ.

ಪಂಚಾಯಿತಿಯ ಟೆಸ್ಟ್ ಕಿಟ್ ಫ್ಲೋರೈಡ್, ನೈಟ್ರೇಟ್, ಗಡಸುತನ ನೋಡುತ್ತೆ, ಬೆಂಜೀನ್ ನೋಡಲ್ಲ. ಅದಕ್ಕೆ ಬಂಕ್ ಆವರಣದಲ್ಲೇ ವೀಕ್ಷಣಾ ಬಾವಿ ಬೇಕು: ಅಂತರ್ಜಲ ಹರಿದು ಬರುವ ಕಡೆ ಒಂದು, ಹೋಗುವ ಕಡೆ ಕನಿಷ್ಠ ಎರಡು. ಬಾವಿಯಲ್ಲಿ ನಿಂತ ನೀರು ಹೊರಹಾಕಿ, ಹೊಸ ನೀರನ್ನು ಗಾಜಿನ ಸೀಸೆಗೆ ಗುಳ್ಳೆ ಇಲ್ಲದಂತೆ ತುಂಬಿ, ಐಸ್‌ನಲ್ಲಿಟ್ಟು ಲ್ಯಾಬಿಗೆ ಕಳಿಸಬೇಕು. ಬೆಂಜೀನ್ ಬೇಗ ಆವಿಯಾಗುತ್ತೆ. ಅರ್ಧ ತುಂಬಿದ ಬಾಟಲಿಯ ರಿಪೋರ್ಟ್ ಸುಳ್ಳು ಧೈರ್ಯ ಕೊಡುತ್ತೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಹೊಸ ಬಂಕ್‌ಗಳನ್ನು ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ ಸಾಮಾನ್ಯವಾಗಿ 50 ಮೀಟರ್ ದೂರ ಇಡುತ್ತೆ. ಆದರೆ ನಮ್ಮ ಕಡೆಯ ಗಟ್ಟಿ ಬಂಡೆಯಲ್ಲಿ ನೀರು ಹರಿಯೋದು ಬಿರುಕುಗಳಲ್ಲಿ. ಬಿರುಕು ಮೀಟರ್ ಲೆಕ್ಕ ಕೇಳಲ್ಲ.

ಹಾಗಾಗಿ ನಾವೇ ಕೇಳಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ: ನಮ್ಮ ತಾಲ್ಲೂಕಿನ ಯಾವ ಬಂಕ್‌ನಲ್ಲಿ ವೀಕ್ಷಣಾ ಬಾವಿ ಇದೆ? ಕೊನೆಯ ಸ್ಯಾಂಪಲ್ ಯಾವಾಗ ತೆಗೆದರು? ಬೆಂಜೀನ್ ಎಷ್ಟಿತ್ತು? 30 ದಿನದೊಳಗೆ ಉತ್ತರ ಕೊಡಬೇಕು. ‘ಮಾಹಿತಿ ಇಲ್ಲ’ ಅಂತ ಬಂದರೆ, ಅದೇ ಮುಂದಿನ ಗ್ರಾಮಸಭೆಯ ಮೊದಲ ಪ್ರಶ್ನೆ.