ಸೆಕೆಂಡಿಗೆ ಹದಿನಾಲ್ಕು ಲಕ್ಷ

2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11,74,271. ಶಿರವಾಳದಂಥ ಹಳ್ಳಿಗಳಿಂದ ಹಿಡಿದು ಶಹಾಪುರ, ಸುರಪುರ ಪೇಟೆಗಳವರೆಗೆ ಎಲ್ಲರೂ ಈ ಲೆಕ್ಕದಲ್ಲಿದ್ದಾರೆ. ಇವತ್ತು ಎಲ್ಲ ಕಡೆ ಸಿಗುವ ಒಂದು ಗಿಗಾಬಿಟ್ ಲ್ಯಾನ್ ಕಾರ್ಡ್, ಅತಿ ಚಿಕ್ಕ ಪ್ಯಾಕೆಟ್‌ಗಳನ್ನಷ್ಟೇ ಕಳಿಸಿದರೆ, ಒಂದು ಸೆಕೆಂಡಿನಲ್ಲಿ 14,88,095 ಪ್ಯಾಕೆಟ್‌ಗಳನ್ನು ತಂತಿಗೆ ಬಿಡಬಲ್ಲದು. ಜಿಲ್ಲೆಯ ಪ್ರತಿಯೊಬ್ಬರಿಗೂ ಒಂದೊಂದು ಹಂಚಿ, ಮೂರು ಲಕ್ಷಕ್ಕೂ ಹೆಚ್ಚು ಉಳಿಸಿಕೊಳ್ಳಬಹುದು!

ಇಂಥ ಕಾರ್ಡನ್ನು 2001ರ ವಿಂಡೋಸ್ ಎಕ್ಸ್‌ಪಿ ಓಡುತ್ತಿರುವ ಕಂಪ್ಯೂಟರಿಗೆ ಹಾಕಿದರೆ? ಇದು ಹವ್ಯಾಸಿಗಳ ಪ್ರಶ್ನೆ ಮಾತ್ರವಲ್ಲ. ಪುಟ ಹೊಂದಿಸುವ ತಂತ್ರಾಂಶ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದೂ 2001ರಲ್ಲೇ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ ಹೊಂದಿಸಿದ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಪುರಾಣದ ಪುಸ್ತಕಗಳ ಕಡತಗಳು ಡಿಟಿಪಿ ಅಂಗಡಿಗಳ ಹಳೆಯ ಯಂತ್ರಗಳಲ್ಲಿ ಇನ್ನೂ ಕೂತಿವೆ. ಆ ಹಾರ್ಡ್ ಡಿಸ್ಕ್ ಸತ್ತರೆ ಅವೂ ಹೋದಂತೆಯೇ. ಅವನ್ನು ಹೊರಗೆ ತರಬೇಕು, ಅದೂ ಬೇಗ.

ಮೊದಲ ಅಡ್ಡಿ ಪರಿಚಯದ್ದು. ತಯಾರಕರದೊಂದು, ಮಾದರಿಯದೊಂದು, ಹೀಗೆ 16 ಬಿಟ್‌ಗಳ ಎರಡು ಸಂಖ್ಯೆಗಳಿಂದ ಕಾರ್ಡ್ ತನ್ನ ಗುರುತು ಹೇಳುತ್ತದೆ. ಇಂಟೆಲ್‌ನ ಗುರುತು 8086. ಅದು 1978ರ ಅದರ ಹೆಸರಾಂತ ಪ್ರೊಸೆಸರಿನ ಸಂಖ್ಯೆ. ಎರಡೂ ಸೇರಿದರೆ 4,29,49,67,296 ಜೋಡಿಗಳು ಸಾಧ್ಯ. (ವಿಂಡೋಸ್ 95ನ್ನು ಕಾಡಿದ್ದೂ ಇದೇ ಸಂಖ್ಯೆ. ಮಿಲಿಸೆಕೆಂಡುಗಳ ಎಣಿಕೆ ಇಲ್ಲಿಗೆ ತುಂಬಿ, ಬಿಡದೆ ಓಡಿದ ಯಂತ್ರ 49.7 ದಿನಕ್ಕೆ ನಿಂತುಬಿಡುತ್ತಿತ್ತು.) ಎಕ್ಸ್‌ಪಿ ಬಲ್ಲ ಪಟ್ಟಿಯಲ್ಲಿ ಆ ಜೋಡಿ ಇಲ್ಲದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಇತ್ತೀಚಿನ ಡ್ರೈವರ್ ತಂದು ಹಾಕಿದರೂ ಕೆಲಸವಾಗದು. ಎಕ್ಸ್‌ಪಿಯ ನಂತರ ಬಂದ ವಿಸ್ತಾದಿಂದ ಈಚಿನವು ಎನ್‌ಡಿಐಎಸ್ ಎಂಬ ನೆಟ್‌ವರ್ಕ್ ಡ್ರೈವರ್ ನಿಯಮಾವಳಿಯ 6ನೇ ಆವೃತ್ತಿಗೆ ಬರೆದವು. ಎಕ್ಸ್‌ಪಿಗೆ ಗೊತ್ತಿರುವುದು 5.1ರವರೆಗೆ. ಹಾಗಾಗಿ ಗಿಗಾಬಿಟ್ ವೇಗವೂ ಇದ್ದು ಎಕ್ಸ್‌ಪಿ ಡ್ರೈವರೂ ಇರುವ ಚಿಪ್ ಹುಡುಕಬೇಕು. ರಿಯಲ್‌ಟೆಕ್ 8169 ಅಂಥದ್ದು, ಹಳೆಯ ಪಿಸಿಐ ಸ್ಲಾಟಿಗೂ ಕೂರುತ್ತದೆ. ಆ ಸ್ಲಾಟಿನ ಮಿತಿ ಸೆಕೆಂಡಿಗೆ 13.3 ಕೋಟಿ ಬೈಟ್. ಕಾರ್ಡಿಗೆ ಒಂದು ದಿಕ್ಕಿಗೇ 12.5 ಕೋಟಿ ಬೇಕು.

ಕಾರ್ಡ್ ಕೂತಿತು, ದೀಪ ಹತ್ತಿತು. ನನ್ನನ್ನು ನಿಜವಾಗಿ ಬೆರಗುಗೊಳಿಸುವ ಲೆಕ್ಕ ಶುರುವಾಗುವುದು ಇಲ್ಲಿಂದ.

ಯಂತ್ರಗಳ ನಡುವೆ ಕಡತ ಸಾಗಿಸುವ ನಿಯಮಾವಳಿಯಾದ ಟಿಸಿಪಿ ಒಂದಿಷ್ಟು ಬೈಟ್ ಕಳಿಸಿ, ಮುಟ್ಟಿದ ಸುದ್ದಿ ಬರುವವರೆಗೆ ಕಾಯುತ್ತದೆ. ಆ ‘ಒಂದಿಷ್ಟು’ ಎಷ್ಟೆಂದು ಬರೆಯಲು ಪ್ಯಾಕೆಟ್ಟಿನಲ್ಲಿ ಇರುವುದು 16 ಬಿಟ್ ಜಾಗ. ಅಂದರೆ ಹೆಚ್ಚೆಂದರೆ 65,535 ಬೈಟ್. ಒಂದೇ ಕೋಣೆಯ ಎರಡು ಯಂತ್ರಗಳ ನಡುವೆ ಹೋಗಿಬರಲು 0.3 ಮಿಲಿಸೆಕೆಂಡ್ ಹಿಡಿದರೆ, ಈ ಮಿತಿಯಲ್ಲೇ ಸೆಕೆಂಡಿಗೆ 21 ಕೋಟಿ ಬೈಟ್ ದಾಟಬಹುದು. ಕಾರ್ಡಿನ ಶಕ್ತಿಗಿಂತ ಅದೇ ಹೆಚ್ಚಾಯಿತು.

ಈಗ ಶಿರವಾಳದಿಂದ ಬೆಂಗಳೂರಿಗೆ 500 ಕಿ.ಮೀ. ಫೈಬರ್ ಇದೆಯೆಂದು ಹಿಡಿಯೋಣ. ಗಾಜಿನೆಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗಿಬರಲು ಕನಿಷ್ಠ 5 ಮಿಲಿಸೆಕೆಂಡ್. ಅಷ್ಟರಲ್ಲಿ ಕಾರ್ಡ್ 6,25,000 ಬೈಟ್ ಕಳಿಸಬಲ್ಲದು, ಎಕ್ಸ್‌ಪಿ ಬಿಡುವುದು 65,535. ಕಾರ್ಡಿನ ವೇಗದ ಹತ್ತರಲ್ಲಿ ಒಂದು ಪಾಲು ಮಾತ್ರ ಕೈಗೆ ಸಿಗುತ್ತದೆ. ಉಪಗ್ರಹದ ದಾರಿಯಾದರೆ ಇನ್ನೂ ಕಡಿಮೆ. ಭೂಸ್ಥಿರ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ. ಕಳಿಸಿದ್ದು ಮೇಲೇರಿ ಇಳಿದು, ಉತ್ತರವೂ ಹಾಗೇ ಬರಬೇಕಾದರೆ 1,43,000 ಕಿ.ಮೀ. ದಾಟಿದಂತಾಯಿತು, ಅಂದರೆ ಸುಮಾರು ಅರ್ಧ ಸೆಕೆಂಡ್. ಆಗ ಸಿಗುವುದು ಗಿಗಾಬಿಟ್‌ನ 900ರಲ್ಲಿ ಒಂದು ಪಾಲು!

ಇದಕ್ಕೆ ಮದ್ದು 1992ರಲ್ಲೇ ಸಿದ್ಧವಾಗಿತ್ತು. ಆರ್‌ಎಫ್‌ಸಿ 1323 ಎಂಬ ಇಂಟರ್ನೆಟ್ ನಿಯಮಗಳ ದಾಖಲೆ ಆ 65,535ನ್ನು 16,384 ಪಟ್ಟು ಹಿಗ್ಗಿಸುವ ದಾರಿ ಹೇಳಿತು. ಆಗ ಮಿತಿ 107 ಕೋಟಿ ಬೈಟ್ ದಾಟುತ್ತದೆ. ಎಕ್ಸ್‌ಪಿಯೊಳಗೂ ಇದು ಇದೆ, ತಾನಾಗಿ ಮುಂದೆ ಬರುವುದಿಲ್ಲ ಅಷ್ಟೆ. ರಿಜಿಸ್ಟ್ರಿಯಲ್ಲಿ ಟಿಸಿಪಿ1323ಆಪ್ಟ್ಸ್ ಎಂಬಲ್ಲಿ 1 ಎಂದು ಬರೆದು, ಆ ‘ಒಂದಿಷ್ಟು’ವಿನ ಮಿತಿಯನ್ನು, ಅಂದರೆ ವಿಂಡೋ ಗಾತ್ರವನ್ನು, ಏರಿಸಿದರೆ, ಆಚೆಯ ಯಂತ್ರವೂ ಒಪ್ಪಿದಾಗ ಬಾಗಿಲು ತೆರೆಯುತ್ತದೆ.

ಆದರೂ ಎಕ್ಸ್‌ಪಿಯನ್ನು ನೇರ ಇಂಟರ್ನೆಟ್ಟಿಗೆ ಬಿಡಬೇಡಿ. 2014ರ ಏಪ್ರಿಲ್ 8ಕ್ಕೆ ಅದರ ಭದ್ರತಾ ರಿಪೇರಿ ನಿಂತಿದೆ. ಹೊರಗಿನ ಸಂಪರ್ಕವಿಲ್ಲದ ಒಂದು ಕೇಬಲ್ಲಿನಲ್ಲಿ ಪಕ್ಕದ ಹೊಸ ಯಂತ್ರಕ್ಕೆ ಸೇರಿಸಿ, ಎಫ್‌ಟಿಪಿ ಮೂಲಕ ಕಡತ ದಾಟಿಸಿ. ಅಷ್ಟು ಹತ್ತಿರಕ್ಕೆ ಆ 65,535 ಧಾರಾಳ. ಕಾರ್ಡಿಗಿಂತ ಮೊದಲು ಸುಸ್ತಾಗುವುದು ಸೆಕೆಂಡಿಗೆ ನಾಲ್ಕೈದು ಕೋಟಿ ಬೈಟ್ ಓದುವ ಹಳೆಯ ಐಡಿಇ ಡಿಸ್ಕು. ಆ ವೇಗದಲ್ಲೂ ಒಂದು ಸಿಡಿ ತುಂಬುವ 70 ಕೋಟಿ ಬೈಟ್‌ಗಳ ದೊಡ್ಡ ಕಡತ ಕಾಲು ನಿಮಿಷದಲ್ಲಿ ಈಚೆಗೆ ಬಂದಿರುತ್ತದೆ.