ಮುಟ್ಟದೆಯೂ ಎಳೆಯುವ ಬಲ

ಕ್ಯಾರಂ ಹಲಗೆಗೆ ಬೋರಿಕ್ ಪೌಡರ್ ಉದುರಿಸಿ ಅಂಗೈಯಲ್ಲಿ ಸವರುವುದು ಘರ್ಷಣೆಯನ್ನು ತಗ್ಗಿಸಲು. ಪೌಡರ್ ಸಾಲದಿದ್ದರೆ, ಚೆನ್ನಾಗಿ ಗುರಿಯಿಟ್ಟು ಹೊಡೆದ ಕಾಯಿಯೂ ಕುಳಿಯ ಬಾಯಲ್ಲೇ ನಿಂತು ಆಟಗಾರನನ್ನು ಅಣಕಿಸುತ್ತದೆ. ಬೆರಳು ಸ್ಟ್ರೈಕರಿಗೆ, ಸ್ಟ್ರೈಕರ್ ಕಾಯಿಗೆ ಬಡಿಯಬೇಕು. ಕಾಯಿಯ ತಳ ಹಲಗೆಗೆ ಉಜ್ಜಬೇಕು. ಇವೆಲ್ಲ ಸಂಪರ್ಕ ಬಲಗಳು. ಕಾಯಿ ಅಂಚು ದಾಟಿತೋ, ಅದನ್ನು ಕೆಳಗಿನ ಬಲೆಗೆ ಎಳೆದುಕೊಳ್ಳುವುದು ಭೂಮಿ. ನಿಜ ಹೇಳಬೇಕೆಂದರೆ ಭೂಮಿ ಆಟದುದ್ದಕ್ಕೂ ಎಳೆಯುತ್ತಲೇ ಇತ್ತು. ಹಲಗೆ ಅಡ್ಡ ನಿಂತಿತ್ತು, ಅಷ್ಟೆ.

ಹೀಗೆ ಮುಟ್ಟದೆ ಕೆಲಸ ಮಾಡುವುದು ಸಂಪರ್ಕರಹಿತ ಬಲ. ಫ್ರಿಜ್ ಬಾಗಿಲನ್ನು ಇನ್ನೇನು ಮುಚ್ಚಬೇಕು ಎನ್ನುವಾಗ ಅದು ತಾನಾಗಿ ಹೋಗಿ ಕಚ್ಚಿಕೊಳ್ಳುವುದು, ಅಂಚಿನ ಪಟ್ಟಿಯೊಳಗಿರುವ ಅಯಸ್ಕಾಂತದಿಂದ.

ಒಣ ಕೂದಲು ಬಾಚಿದ ಪ್ಲಾಸ್ಟಿಕ್ ಬಾಚಣಿಗೆಯನ್ನು ಕಾಗದದ ಚೂರುಗಳ ಮೇಲೆ ಹಿಡಿದರೆ ಅವು ನೆಗೆದು ಅಂಟಿಕೊಳ್ಳುತ್ತವೆ. ಇದು ಸ್ಥಾಯಿ ವಿದ್ಯುತ್ತಿನ ಬಲ. (ಮಳೆಗಾಲದ ಮಲೆನಾಡಿನಲ್ಲಿ ಈ ಪ್ರಯೋಗ ಕೈಕೊಡುವುದೇ ಹೆಚ್ಚು, ತೇವ ಇದ್ದಲ್ಲಿ ವಿದ್ಯುದಾವೇಶ ಸೋರಿಹೋಗುತ್ತದೆ.) ಚೂರನ್ನು ಕೆಳಕ್ಕೆ ಎಳೆಯುತ್ತಿರುವುದು ಇಡೀ ಭೂಮಂಡಲ, ಮೇಲಕ್ಕೆ ಎಳೆಯುವುದು ಅಗ್ಗದ ಒಂದು ಬಾಚಣಿಗೆ. ಗೆಲ್ಲುವುದು ಬಾಚಣಿಗೆ! ಗುರುತ್ವಾಕರ್ಷಣೆ ಅಷ್ಟು ದುರ್ಬಲ. ಆದರೆ ಅದರ ಕೈ ಬಲು ಉದ್ದ: ಸುಮಾರು 3,84,000 ಕಿ.ಮೀ. ದೂರದ ಚಂದ್ರ ಮಂಗಳೂರಿನ ಕಡಲನ್ನು ದಿನವೂ ಏರಿಸಿ ಇಳಿಸುತ್ತಾನೆ.

ನಡುವೆ ಏನೂ ಇಲ್ಲದೆ ಎಳೆತ ದಾಟಿಬರುವುದು ಹೇಗೆ? 1687ರಲ್ಲಿ ಗುರುತ್ವದ ನಿಯಮ ಪ್ರಕಟಿಸಿದ ನ್ಯೂಟನ್ನನಿಗೇ ಇದು ಗಂಟಲಲ್ಲಿ ಇಳಿಯಲಿಲ್ಲ. ಅಂಥ ಕಲ್ಪನೆಯೇ ಅಸಂಬದ್ಧ ಎಂದು ವಿದ್ವಾಂಸ ರಿಚರ್ಡ್ ಬೆಂಟ್ಲಿಗೆ ಪತ್ರ ಬರೆದ. 19ನೇ ಶತಮಾನದಲ್ಲಿ ಮೈಕೆಲ್ ಫ್ಯಾರಡೆ, ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಸಾಲುಗಟ್ಟುವುದನ್ನು ನೋಡುತ್ತ, ಸುತ್ತಲ ಜಾಗವೇ ಬಲವನ್ನು ಹೊತ್ತಿರುತ್ತದೆ ಎಂದು ಯೋಚಿಸಿದ. ಕ್ಷೇತ್ರ ಎಂಬ ಕಲ್ಪನೆ ಬೆಳೆದದ್ದು ಅಲ್ಲಿಂದ.

ಇನ್ನೂ ವಿಚಿತ್ರವೆಂದರೆ, ಸ್ಟ್ರೈಕರಿಗೆ ಬಡಿದ ಬೆರಳಿನ ಪರಮಾಣುಗಳು ಅದರ ಪರಮಾಣುಗಳೊಳಕ್ಕೆ ನುಗ್ಗುವುದಿಲ್ಲ. ತೀರಾ ಹತ್ತಿರವಾದಾಗ ಎರಡೂ ಕಡೆಯ ಎಲೆಕ್ಟ್ರಾನುಗಳು ಒಂದನ್ನೊಂದು ದೂರ ತಳ್ಳುತ್ತವೆ. ನಾವು ಸ್ಪರ್ಶ ಎನ್ನುವುದು ಈ ತಳ್ಳಾಟವನ್ನೇ. ಹಾಗಾದರೆ ಸಂಪರ್ಕ, ಸಂಪರ್ಕರಹಿತ ಎಂಬ ಪಠ್ಯಪುಸ್ತಕದ ವಿಂಗಡಣೆ ತಪ್ಪೇ? ಅಲ್ಲ. ಎಂಜಿನಿಯರುಗಳಿಗೆ ಅದು ನಿತ್ಯದ ಲೆಕ್ಕ. ಶಾಂಘೈನ ಮ್ಯಾಗ್ಲೆವ್ ರೈಲನ್ನು ಅಯಸ್ಕಾಂತಗಳು ಹಳಿಯಿಂದ ಎತ್ತಿ ಹಿಡಿಯುತ್ತವೆ. ಗಾಲಿಯ ಉಜ್ಜಾಟವಿಲ್ಲದ ಅದು ಗಂಟೆಗೆ 431 ಕಿ.ಮೀ. ವೇಗ ಮುಟ್ಟಿದೆ. ಆ ವೇಗದಲ್ಲಿ ಅದನ್ನು ಮುಖ್ಯವಾಗಿ ತಡೆಯುವುದು ಗಾಳಿ, ಅದೂ ಸಂಪರ್ಕ ಬಲವೇ.